ಓಡಿಹೋದವನ ವೀರಗಲ್ಲು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಮೌನಪ್ಪಯ್ಯನವರೆಂಬ ಗುರುಗಳು, ಕರಿಬಸವನೆಂಬ ಶಿಷ್ಯ. ಹಳೆಗಾಲದ ಅಕ್ಷರ ಓದಬಲ್ಲವನು ಆ ಸೀಮೆಗೆಲ್ಲ ಕರಿಬಸವನೊಬ್ಬನೇ. ಆ ವಿದ್ಯೆಯೇ ಒಂದು ದಿನ ಅವನ ಕೊರಳಿಗೆ ಉರುಳಾಯಿತು.

ಊರ ಮುಂದೆ ಒಂದು ವೀರಗಲ್ಲು ಇತ್ತು. ದ್ಯಾಮನಗೌಡನ ಮನೆತನದವರು ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ ಹೊಯ್ಯುತ್ತಿದ್ದರು. ಎಣ್ಣೆಯ ಮೇಲೆ ಎಣ್ಣೆ ಕೂತು ಅಕ್ಷರಗಳೆಲ್ಲ ಮುಚ್ಚಿಹೋಗಿದ್ದವು. ಕಲ್ಲಿನಲ್ಲಿರುವ ಮಾಚ ತನ್ನ ಮೂಲಪುರುಷನೆಂದೂ, ಊರ ದನ ಹೊಡೆದುಕೊಂಡು ಹೋಗಲು ಬಂದ ಏಳು ಕಳ್ಳರ ತಲೆ ಕಡಿದು ತಾನೂ ಮಡಿದನೆಂದೂ ಗೌಡ ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದ.

“ಕಲ್ಲು ತಿಕ್ಕಿ ಓದಪ್ಪ ಕರಿಬಸವ,” ಎಂದ ಗೌಡ. “ನಾಳೆ ನನ್ನ ಮಗನಿಗೆ ಹೆಣ್ಣು ಕೊಡುವವರು ಬರುತ್ತಾರೆ. ನಮ್ಮ ಮನೆತನ ಎಂಥದ್ದೆಂದು ಅವರ ಕಿವಿಗೂ ಬೀಳಲಿ.”

ಕರಿಬಸವ ಸೀಗೆಪುಡಿ ಹಾಕಿ ಮಾಚನಿಗೆ ಒಳ್ಳೆಯ ಅಭ್ಯಂಜನ ಮಾಡಿಸಿದ. ಓದಿದ. ಇನ್ನೊಮ್ಮೆ ಓದಿದ. ಎದ್ದೆನೋ ಬಿದ್ದೆನೋ ಎಂದು ಆಶ್ರಮಕ್ಕೆ ಬಂದ.

“ಅಯ್ಯನವರೇ, ಕೆಟ್ಟೆ!”

“ಏನಾಯಿತು?”

“ಮಾಚ ಯಾರ ತಲೆಯನ್ನೂ ಕಡಿದಿಲ್ಲ. ಕಳ್ಳರನ್ನು ಕಂಡು ಓಡಿಹೋಗಿದ್ದಾನೆ. ದಿನವೂ ಹುಲ್ಲು ಹಾಕುವವನು ಅವನೇ ತಾನೆ? ದನಗಳೆಲ್ಲ ಅವನ ಹಿಂದೆಯೇ ಓಡಿ ಊರು ಸೇರಿವೆ. ಕಳ್ಳರು ಬರಿಗೈಯಲ್ಲಿ ಹೋಗಿದ್ದಾರೆ. ಇವನು ಹಲ್ಲುದುರಿದ ಮುದುಕನಾಗಿ ಸತ್ತ ಮೇಲೆ ಊರವರು ಈ ಕಲ್ಲು ನಿಲ್ಲಿಸಿದ್ದಾರೆ.”

ಗುರುಗಳು ಕೆಮ್ಮು ಬರುವಷ್ಟು ನಕ್ಕರು.

“ನಗಬೇಡಿ. ನಮಗೆ ಜೋಳ ಬರುವುದು ಗೌಡನ ಮನೆಯಿಂದ. ಏಳು ತಲೆ ಎಂದೇ ಓದಿಬಿಡಲೇ?”

“ಏಳೇ ಏಕೆ? ಎಪ್ಪತ್ತು ಎಂದು ಓದು.”

“ಅಷ್ಟೊಂದೇ?”

“ಕಲ್ಲಿನಲ್ಲಿ ಇಲ್ಲದ್ದನ್ನು ಓದುವಾಗ ಜಿಪುಣತನ ಏಕಪ್ಪ?”



ಮರುದಿನ ಬೆಳಿಗ್ಗೆ ಕಲ್ಲಿನ ಮುಂದೆ ಊರೆಲ್ಲ ಸೇರಿತು; ಹೆಣ್ಣಿನ ಕಡೆಯವರೂ ಗುರುಗಳೂ ಬಂದರು. ಕರಿಬಸವ ಇದ್ದದ್ದನ್ನು ಇದ್ದ ಹಾಗೆ ಓದಿದ. ಹೆಣ್ಣಿನ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗೌಡನ ಮುಖ ಕೆಂಡವಾಯಿತು. “ಏನಲೇ! ನಮ್ಮ ಹಿರಿಯ ಹೇಡಿಯೇನು? ಓಡಿದವನಿಗೂ ಕಲ್ಲು ನಿಲ್ಲಿಸುತ್ತಾರೇನು? ಓಡುವುದು ಯಾವನಿಗೆ ಬರುವುದಿಲ್ಲ?”

ಕರಿಬಸವ ಗುರುಗಳ ಬೆನ್ನ ಹಿಂದೆ ಸರಿದ.

“ನಿನಗೆ ಬರುತ್ತದೆಯೇ ಗೌಡ?” ಎಂದರು ಗುರುಗಳು. ಬಯಲಲ್ಲಿ ಗೌಡನ ಹದಿನಾಲ್ಕು ದನಗಳು ನಿಂತಿದ್ದವು. “ಓಡಿ ತೋರಿಸು. ಒಂದೇ ಒಂದು ಹಸು ನಿನ್ನ ಹಿಂದೆ ಬಂದರೂ ಸಾಕು, ಈ ಕಲ್ಲನ್ನು ನಾನೇ ಕಿತ್ತು ಹೊಳೆಗೆ ಹಾಕುತ್ತೇನೆ.”

ಗೌಡ ಕಚ್ಚೆ ಬಿಗಿದ. ಓಡಿದ. ಆಲದ ಮರ ಮುಟ್ಟಿ ತಿರುಗಿ ನೋಡಿದ. ದನಗಳು ನಿಂತಲ್ಲೇ ಮೆಲುಕು ಹಾಕುತ್ತಿದ್ದವು. ಒಂದು ನಾಯಿ ಮಾತ್ರ ಬೊಗಳುತ್ತ ಬೆನ್ನು ಹತ್ತಿತ್ತು.

“ನಾಯಿ ಲೆಕ್ಕಕ್ಕಿಲ್ಲ ಗೌಡ್ರೇ!” ಎಂದು ಅಜ್ಜಿ ಕೂಗಿದಳು.

ಅಷ್ಟರಲ್ಲಿ ಗೌಡನ ಹೆಂಡತಿ ಹಾಲವ್ವ, “ಬಂದವರಿಗೆ ಇನ್ನೂ ರೊಟ್ಟಿ ಬಡಿದಿಲ್ಲ, ಇವರದೊಂದು ಆಟ,” ಎಂದು ಗೊಣಗುತ್ತ ಮನೆಯ ಕಡೆಗೆ ನಡೆದಳು. ಅವಳು ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಹದಿನಾಲ್ಕು ದನಗಳೂ ಕತ್ತೆತ್ತಿ, ಸಾಲು ಹಿಡಿದು ಅವಳ ಹಿಂದೆ ಹೊರಟವು.

ಅಜ್ಜಿ ಆ ಸಾಲನ್ನು ಕಣ್ತುಂಬ ನೋಡಿದಳು. “ಈ ಅತ್ತೆಯ ಕೈಕೆಳಗೆ ನಮ್ಮ ಹುಡುಗಿ ಸುಖವಾಗಿರುತ್ತಾಳೆ. ತಾಂಬೂಲ ತನ್ನಿ,” ಎಂದಳು.

ಕರಿಬಸವನಿಗೆ ಹೋದ ಜೀವ ಬಂದಂತಾಯಿತು.

ಗೌಡ ಏದುಸಿರು ಬಿಡುತ್ತ ಬಂದು ಕಲ್ಲಿನ ಮುಂದೆ ಕುಕ್ಕರಿಸಿದ.  ಮಾಚನನ್ನೇ ನೋಡುತ್ತ ಮೆಲ್ಲಗೆ ಕೇಳಿದ:

“ಅಯ್ಯನವರೇ, ನಾನು ಹೋದ ಮೇಲೆ ಊರವರು ನನ್ನನ್ನೂ ನೆನೆಯಬೇಕೆಂದರೆ ಏನು ಮಾಡಲಿ?”

ಗುರುಗಳು ಹೇಳಿದರು:

“ನಾಳೆಯಿಂದ ಹುಲ್ಲು ನೀನು ಹಾಕು.”