ಬಾಯಿ ತುಂಬ ಒಮ್ಮತ

"ಪ್ರಭು, ಹರೆಯದ ಚಾವಡಿಗೆ ನಾವು ಏಳು ಜನ ಧರ್ಮದರ್ಶಿಗಳು. ಹನ್ನೆರಡು ವರ್ಷದಲ್ಲಿ ನಮ್ಮ ಸಭೆಯಲ್ಲಿ ಒಂದೇ ಒಂದು ತಕರಾರು ಎದ್ದಿಲ್ಲ. ಎಲ್ಲ ನಿರ್ಣಯವೂ ಒಮ್ಮತದ್ದು."

ಕಂಕಣಗಿರಿಯ ದರ್ಬಾರಿನಲ್ಲಿ ಮೀಸೆ ತೀಡುತ್ತ ಹೀಗೆ ಕೊಚ್ಚಿಕೊಂಡವರು ಬಸವಲಿಂಗ ಹೆಗ್ಗಡೆಯವರು, ಆ ಏಳು ಜನಕ್ಕೆ ಮುಖ್ಯಸ್ಥರು.

ಚಾವಡಿ ಕಟ್ಟಿಸಿದ್ದು ಕಂಕಣಗಿರಿಯ ಪ್ರಭು ವೀರಮಲ್ಲ ನಾಯಕರ ತಾಯಿ, ತೀರಿಹೋದ ದೊಡ್ಡರಾಣಿ. ಹರೆಯದ ಹುಡುಗ ಹುಡುಗಿಯರು ಮನಸ್ಸು ಭಾರವಾದಾಗ ಬಂದು ಕೂರಲಿ, ಹಾಡಲಿ, ಅಳಲಿ, ಹಗುರಾಗಿ ಮನೆಗೆ ಹೋಗಲಿ ಎಂಬುದು ಆಕೆಯ ಆಸೆ. ಅದನ್ನು ನೋಡಿಕೊಳ್ಳುವ ಏಳು ಜನರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಅರವತ್ತೆಂಟು. ತಮಗೂ ಒಮ್ಮೆ ಹರೆಯವಿತ್ತು ಎಂಬುದು ಅವರಿಗೆ ಯಾರೋ ಹೇಳಿದ ಸುದ್ದಿಯಷ್ಟೇ ಆಗಿತ್ತು.

ನಾಯಕರು ಆಸ್ಥಾನದ ವಿದೂಷಕ ಸಿಂಗಣ್ಣನ ಕಡೆ ತಿರುಗಿದರು. "ಕೇಳಿದೆಯಾ? ನಾನು ಆಕಳಿಸಿದರೂ ನೀನೊಂದು ತಕರಾರು ತೆಗೆಯುತ್ತೀಯ."

"ಏಳು ಜನ ಹನ್ನೆರಡು ವರ್ಷ ಒಂದೇ ಮಾತಾಡಿದ್ದಾರೆ ಅಂದರೆ, ಪ್ರಭು, ಯಾರೂ ಮಾತೇ ಆಡಿಲ್ಲ ಅಂತ ಅರ್ಥ."

"ಹಾಗೋ? ಬರುವ ಹುಣ್ಣಿಮೆಯ ಸಭೆಗೆ ನಾನೇ ಬಂದು ಕೂರುತ್ತೇನೆ. ಅವರ ಬಾಯಿಂದ ಒಂದು ತಕರಾರು ಹೊರಡಿಸು. ಆಗದಿದ್ದರೆ ಒಂದು ವರ್ಷ ನೀನು ದರ್ಬಾರಿನಲ್ಲಿ ಬಾಯಿ ತೆರೆಯುವ ಹಾಗಿಲ್ಲ."

ವರ್ಷ ಪೂರ್ತಿ ಉಪವಾಸವಿರು ಎಂದಿದ್ದರೂ ಸಿಂಗಣ್ಣ ಅಷ್ಟು ಬೆವರುತ್ತಿರಲಿಲ್ಲ. ದರ್ಬಾರು ಮುಗಿದದ್ದೇ ತಡ, ನೆಟ್ಟಗೆ ಚಾವಡಿಗೆ ನಡೆದ.

ಹೊರಗಿನ ಮೆಟ್ಟಿಲ ಮೇಲೆ ಹತ್ತೊಂಬತ್ತರ ಹೊನ್ನವ್ವ ಕೂತಿದ್ದಳು, ತೊಡೆಯ ಮೇಲೆ ತಮಟೆ. ಒಡಹುಟ್ಟಿದ ತಮ್ಮ ಜ್ವರದಲ್ಲಿ ತೀರಿಹೋದ ಮೇಲೆ ಆರು ತಿಂಗಳು ಅವಳು ಯಾರೊಡನೆಯೂ ಮಾತಾಡಿರಲಿಲ್ಲ. ಈ ಚಾವಡಿಗೆ ಬಂದು, ಜೊತೆಯವರ ನಡುವೆ ತಮಟೆ ಬಡಿಯುತ್ತ ಬಡಿಯುತ್ತ ಒಂದು ದಿನ ಬಾಯಿ ಬಿಟ್ಟಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು.

"ಯಾಕವ್ವ, ಹೊರಗೆ ಕೂತಿದೀಯ?"

"ಒಳಕ್ಕೆ ಬಿಡಲ್ವಂತೆ ಅಣ್ಣಾ. ಹೋದ ಹುಣ್ಣಿಮೇಲಿ ನಿರ್ಣಯ ಆಗೈತೆ. ಸಪ್ಪೆ ಮುಖದೋರು ಚಾವಡಿಗೆ ಬರಬಾರದಂತೆ. ಪ್ರಭುಗಳು ನೋಡಾಕೆ ಬಂದಾಗ ಬರೀ ನಗುಮುಖ ಕಾಣಬೇಕಂತೆ."

ಸಿಂಗಣ್ಣನಿಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ವೈದ್ಯರ ಮನೆಗೆ ಕಾಯಿಲೆಯವರು ಕಾಲಿಡಬಾರದು ಎಂದ ಹಾಗಾಯಿತು. "ಏಳು ಜನರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲವೇ?"

"ಹೆಂಗಂತಾರೆ? ಬಾಯಿ ತುಂಬ ಎಲೆಅಡಿಕೆ ಇರತೈತಲ್ಲ. ನಾನೇ ಕಿಟಕೀಲಿ ನೋಡೀನಿ."

ಅವಳು ಎಲ್ಲ ಬಿಡಿಸಿ ಹೇಳಿದಳು. ಸಭೆ ಶುರುವಾಗುವುದೇ ದೊಡ್ಡರಾಣಿಯ ಹೆಸರಿನ ತಾಂಬೂಲದಿಂದ. ಸಭೆ ಮುಗಿಯುವ ಮುಂಚೆ ಉಗುಳಿದರೆ ಆಕೆಗೆ ಅಪಮಾನ. ಹಲ್ಲಿಲ್ಲದ ಹೆಗ್ಗಡೆಯವರು ಮಾತ್ರ ಹಾಕಿಕೊಳ್ಳುವುದಿಲ್ಲ. ಉಳಿದ ಆರು ಕೆನ್ನೆಗಳು ಉಬ್ಬುವುದನ್ನೇ ಕಾದು, "ಯಾರದಾದರೂ ತಕರಾರಿದೆಯೇ?" ಎಂದು ಕೇಳುತ್ತಾರೆ. ಆರೂ ಜನ "ಊಂ" ಎನ್ನುತ್ತಾರೆ. ಒಮ್ಮತ.

"ಹುಣ್ಣಿಮೆ ದಿನ ತಮಟೆ ತಗೊಂಡು ಇಲ್ಲೇ ಇರವ್ವ" ಎಂದು ಸಿಂಗಣ್ಣ ಎದ್ದ.

ಹುಣ್ಣಿಮೆಯ ಮಧ್ಯಾಹ್ನ ಸಭೆ ಕೂಡಿತು. ನಾಯಕರು ಎತ್ತರದ ಪೀಠದಲ್ಲಿ ಕೂತರು. ಸಿಂಗಣ್ಣ ತಾಂಬೂಲದ ತಟ್ಟೆ ಹಿಡಿದು ಬಂದು ಆರು ಜನರಿಗೆ ಮುಷ್ಟಿ ಗಾತ್ರದ ಬೀಡಾ ಕೊಟ್ಟ. ಕೊನೆಗೆ ಹೆಗ್ಗಡೆಯವರ ಮುಂದೆ ನಿಂತ.

"ನನಗೆ ಹಲ್ಲಿಲ್ಲಪ್ಪ, ಬೇಡ."

"ಗೊತ್ತು ಬುದ್ಧಿ. ಅದಕ್ಕೇ ಕುಟ್ಟಿ ತಂದಿದ್ದೇನೆ. ಪ್ರಭುಗಳೇ ಕೂತು ನೋಡುತ್ತಿರುವಾಗ ಅವರ ತಾಯಿಯ ಹೆಸರಿನ ತಾಂಬೂಲ ಬೇಡ ಅನ್ನಬಹುದೇ?"

ಅನ್ನುವ ಹಾಗಿರಲಿಲ್ಲ. ಕುಟ್ಟಿದ ಎಲೆಅಡಿಕೆಯ ಉಂಡೆ ಹೆಗ್ಗಡೆಯವರ ಬಾಯಿ ಸೇರಿತು. ಉಂಡೆ ಸ್ವಲ್ಪ ದೊಡ್ಡದೇ ಇತ್ತು.

"ಮುಖ್ಯಸ್ಥರಿಗೆ ಮಾತಾಡಲು ಆಗುತ್ತಿಲ್ಲ. ಇವತ್ತಿನ ನಿರ್ಣಯಗಳನ್ನು ನಾನು ಓದಲೇ ಪ್ರಭು?"

ನಾಯಕರು ತಲೆಯಾಡಿಸಿದರು.

"ಒಂದು. ಇನ್ನು ಮುಂದೆ ಈ ಮಂಡಳಿಗೆ ಹೊನ್ನವ್ವನೇ ಮುಖ್ಯಸ್ಥೆ. ಯಾರದಾದರೂ ತಕರಾರಿದೆಯೇ?"

"ಊಂ, ಊಂ" ಎಂದು ಹೆಗ್ಗಡೆಯವರು ಕೈ ಬೀಸಿದರು.

"ಒಮ್ಮತ. ಎರಡು. ಧರ್ಮದರ್ಶಿಗಳು ದಿನಾ ಬೆಳಿಗ್ಗೆ ಪೊರಕೆ ಹಿಡಿದು ಚಾವಡಿಯ ಅಂಗಳ ಗುಡಿಸಬೇಕು. ತಕರಾರು?"

"ಊಂ."

"ಒಮ್ಮತ. ಮೂರು. ವಾರಕ್ಕೊಮ್ಮೆ ಹೆಗ್ಗಡೆಯವರು ತಮಟೆಯ ಗತ್ತಿಗೆ ಕುಣಿಯಬೇಕು, ಅದೂ ನಗುಮುಖದಲ್ಲಿ."

ಹೆಗ್ಗಡೆಯವರು ತಮ್ಮ ಬಿಳಿ ಪಂಚೆಯ ಮೇಲೆಯೇ ಬಾಯಲ್ಲಿದ್ದದ್ದನ್ನೆಲ್ಲ ಉಗುಳಿಕೊಂಡು ಎದ್ದು ನಿಂತರು. "ತಕರಾರಿದೆ. ನನ್ನದು ತಕರಾರಿದೆ."

"ಕೇಳಿಸಿತೇ ಪ್ರಭು? ಹನ್ನೆರಡು ವರ್ಷಕ್ಕೆ ಇದು ಮೊದಲನೆಯದು."

"ಇದು ಮೋಸ" ಎಂದು ಹೆಗ್ಗಡೆಯವರು ಕೂಗಾಡಿದರು. "ಬಾಯಲ್ಲಿ ಎಲೆ ಇಟ್ಟುಕೊಂಡು ಊಂ ಅಂದದ್ದು ಒಪ್ಪಿಗೆ ಹೇಗಾಗುತ್ತೆ? ಈ ನಿರ್ಣಯ ಯಾವುದೂ ನಡೆಯಲ್ಲ."

"ಬೇಡ ಬಿಡಿ, ನಡೆಯೋದು ಬೇಡ. ಆದರೆ ಹೋದ ಹುಣ್ಣಿಮೆಯ ಸಪ್ಪೆ ಮುಖದ ನಿರ್ಣಯವೂ ಅದೇ ಊಂ ತಾನೇ? ಅದೂ ನಡೆಯಲ್ಲ. ಇಲ್ಲ, ಅದು ನಡೆಯುತ್ತೆ ಅನ್ನುವುದಾದರೆ ಇದೂ ನಡೆಯುತ್ತೆ, ಪೊರಕೆ ತರಿಸುತ್ತೇನೆ. ಯಾವುದಾಗಬಹುದು ಹೇಳಿ ಬುದ್ಧಿ. ಈಗ ನಿಮ್ಮ ಬಾಯಿ ಖಾಲಿ ಇದೆ."

ಹೆಗ್ಗಡೆಯವರು ಕೆಂಪಾದ ಪಂಚೆಯನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಎಂಬತ್ತೊಂದರ ಧರ್ಮದರ್ಶಿ ಮಲ್ಲಯ್ಯ ಕಷ್ಟಪಟ್ಟು ಬಾಯಲ್ಲಿದ್ದದ್ದನ್ನು ನುಂಗಿ, ಕೆಮ್ಮಿ, ಹೇಳಿದರು: "ಆ ಹುಡುಗೀನ ಹೊರಗೆ ಹಾಕಿದ್ದು ನನಗೆ ಅವತ್ತೇ ಸರಿ ಕಂಡಿರಲಿಲ್ಲ. ಹೇಳಾಣ ಅಂದ್ರೆ ಬಾಯಲ್ಲಿ ಎಲೆ ಇತ್ತು."

ನಾಯಕರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಲ್ಲೇ ಅಪ್ಪಣೆಯಾಯಿತು: ಇನ್ನು ತಾಂಬೂಲ ಸಭೆ ಮುಗಿದ ಮೇಲೆ, ಏಳು ಜನರಲ್ಲಿ ನಾಲ್ವರು ಹರೆಯದವರೇ ಇರಬೇಕು, ಹೊನ್ನವ್ವ ಅವರಲ್ಲಿ ಮೊದಲಿಗಳು.

ಬಾಗಿಲು ತೆರೆಯಿತು. ಹೊನ್ನವ್ವ ಮೊದಲಿನಷ್ಟೇ ಸಪ್ಪೆ ಮುಖ ಹೊತ್ತು ಒಳಗೆ ಬಂದಳು. ಯಾರೂ ತಡೆಯಲಿಲ್ಲ. ಮೂಲೆಯಲ್ಲಿ ಕೂತು ಮೆಲ್ಲಗೆ ತಮಟೆ ಬಡಿಯತೊಡಗಿದಳು.

ನಾಯಕರು ತಮ್ಮ ಬೆಳ್ಳಿ ಪೆಟ್ಟಿಗೆಯಿಂದ ಬೀಡಾ ತೆಗೆದು ಸಿಂಗಣ್ಣನ ಮುಂದೆ ಹಿಡಿದರು. "ಭೇಷ್ ಸಿಂಗಣ್ಣ. ಬೇಕಾದ್ದು ಕೇಳು, ಕೊಡುತ್ತೇನೆ. ಮೊದಲು ಇದನ್ನು ಬಾಯಿಗೆ ಹಾಕಿಕೋ."

ಸಿಂಗಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

"ಮೊದಲು ಕೇಳಿಬಿಡುತ್ತೇನೆ ಪ್ರಭು. ಅದು ಬಾಯಿಗೆ ಹೋದರೆ ನೀವು ಕೊಟ್ಟಷ್ಟಕ್ಕೇ ನಾನು ಊಂ ಅನ್ನಬೇಕಾಗುತ್ತದೆ."