ಬೂದಿ ಹೊದಿಸದ ಕೆಂಡ

ಬೆಂಕಿಕಡ್ಡಿ ಇನ್ನೂ ಹುಟ್ಟಿರದ ಕಾಲದಲ್ಲಿ, ಬಹಳ ಹಿಂದೆ, ನೇರಲಕಟ್ಟೆ ಎಂಬ ಒಂದು ಊರಿತ್ತಂತೆ. ಆ ಊರಿನಲ್ಲಿ ಕೆಂಡದ ಮನೆ ಎಂಬ ಮನೆತನವಿತ್ತಂತೆ. ಅದು ಅಂಥಿಂಥ ಮನೆತನವಲ್ಲ. ತಲೆತಲಾಂತರದಿಂದ ಅವರ ಒಲೆ ಆರಿರಲಿಲ್ಲ. ಅವರ ಮಾತು ಎರಡಾದದ್ದನ್ನು ಯಾರೂ ಕೇಳಿರಲಿಲ್ಲ. ಮುಂಜಾನೆ ಊರಿನ ಹೆಂಗಸರೆಲ್ಲ ತೆಂಗಿನ ಚಿಪ್ಪು ಹಿಡಿದು ಆ ಮನೆಯ ಹಿತ್ತಲಿಗೆ ಬರುತ್ತಿದ್ದರು. ಕೆಂಡ ಒಯ್ದು ರಾತ್ರಿ ಆರಿದ ತಮ್ಮ ತಮ್ಮ ಒಲೆ ಹೊತ್ತಿಸುತ್ತಿದ್ದರು.

ಕೆಂಡ ಕೊಡುವುದಕ್ಕೂ ಒಂದು ಕ್ರಮವಿತ್ತು. ಚಿಪ್ಪಿನ ತಳಕ್ಕೆ ಬೂದಿ, ಅದರ ಮೇಲೆ ಕೆಂಡ, ಕೆಂಡದ ಮೇಲೆ ಮತ್ತೆ ಬೂದಿಯ ಹೊದಿಕೆ. ಹಾಗೆ ಮಾಡಿದರೆ ಗಾಳಿಗೆ ಕಿಡಿ ಹಾರುವುದಿಲ್ಲ. ಆ ಮನೆಯ ಸೊಸೆ ಗುರುಸಿದ್ದವ್ವ ಈ ಕ್ರಮದಲ್ಲಿ ಬಹಳ ಕಟ್ಟುನಿಟ್ಟು ಎಂದು ಹೇಳುತ್ತಾರೆ. ಚಿಪ್ಪು ತೊಳೆದಿರಬೇಕು, ತಲೆಯ ಮೇಲೆ ಸೆರಗಿರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು.

ಒಂದು ಮುಂಜಾನೆ ಬುಟ್ಟಿ ಹೆಣೆಯುವ ಮೇದಾರ ಹುಲಿಗೆವ್ವ ತಡವಾಗಿ ಬಂದಳಂತೆ. ಮಗಳ ಹೆರಿಗೆಯಾಗಿತ್ತು, ಬಾಣಂತಿಗೆ ಬಿಸಿನೀರು ಬೇಕಿತ್ತು. ಗುರುಸಿದ್ದವ್ವ ಒಲೆ ಬಳಿದು ಎದ್ದಾಗಿತ್ತು.

"ಹೊತ್ತಿಗೆ ಬರದವರಿಗೆ ಹೊದಿಕಿ ಬ್ಯಾರೆ ಬೇಕೇನ?" ಎಂದು ಬೈದು, ಬರಿಯ ಕೆಂಡವನ್ನೇ ಚಿಪ್ಪಿಗೆ ಎಸೆದಳು. ಹುಲಿಗೆವ್ವ ಚಿಪ್ಪಿಗೆ ಸೆರಗು ಮರೆಮಾಡಿಕೊಂಡು ಓಡಿದಳು. ಗೌಡರ ಬಣವೆಯ ಹತ್ತಿರ ಗಾಳಿ ಬೀಸಿತು. ಕಿಡಿ ಹಾರಿತು. ಬೇಸಿಗೆಗೆಂದು ಒಟ್ಟಿದ್ದ ಮೇವೆಲ್ಲ ಉರಿದುಹೋಯಿತು.

ಚಾವಡಿಯಲ್ಲಿ ಪಂಚಾಯಿತಿ ಸೇರಿತು. ಕೆಂಡಕ್ಕೆ ಹೊದಿಕೆ ಇರಲಿಲ್ಲ ಎಂದು ಹುಲಿಗೆವ್ವ ಹೇಳಿದಳು. ಜನ ನಕ್ಕರಂತೆ. ಕೆಂಡದ ಮನೆಯ ಕೈ ತಪ್ಪುವುದುಂಟೇ? ದಾರಿಯಲ್ಲಿ ಇವಳೇ ಬೂದಿ ಸರಿಸಿ ಊದಿರಬೇಕು ಎಂದರು. ಆ ಮನೆಯ ಒಳ್ಳೆಯ ಹೆಸರೇ ಆಕೆಯ ಮೇಲೆ ಸಾಕ್ಷಿಯಾಯಿತು. ಹುಲಿಗೆವ್ವನ ಮನೆಗೆ ಯಾರೂ ಬೆಂಕಿ ಕೊಡಕೂಡದು ಎಂದು ತೀರ್ಪಾಯಿತು.

ಆ ರಾತ್ರಿ ಗುರುಸಿದ್ದವ್ವ ಗಂಡ ರಾಚಪ್ಪನಿಗೆ ನಡೆದದ್ದನ್ನು ಹೇಳಿದಳಂತೆ. ಮನೆತನದ ಮಾತು, ಬಾಯಿ ಮುಚ್ಚಿಕೊಂಡಿರು ಎಂದ ಅವನು. ಚಾವಡಿಯಲ್ಲಿ ಹೆಂಗಸರು ಮಾತಾಡುವಂತಿರಲಿಲ್ಲ. ಆಕೆ ಹಿತ್ತಲಲ್ಲಿ ನಿಂತು ನೋಡುತ್ತಿದ್ದಳು. ಎಲ್ಲ ಮನೆಗಳ ಮೇಲೂ ಹೊಗೆ ಏಳುತ್ತಿತ್ತು, ಮೇದಾರ ಓಣಿಯ ಆ ಒಂದು ಮನೆಯ ಮೇಲೆ ಮಾತ್ರ ಇರಲಿಲ್ಲ. ಆ ಮನೆಯಲ್ಲಿ ಹಸುಗೂಸಿತ್ತು.

ಮಾರನೆಯ ಬೆಳಗ್ಗೆ ಹೆಂಗಸರು ಚಿಪ್ಪು ಹಿಡಿದು ಬರುವ ಹೊತ್ತಿಗೆ ಗುರುಸಿದ್ದವ್ವ ಕೊಡ ಎತ್ತಿ ಒಲೆಗೆ ನೀರು ಸುರಿದುಬಿಟ್ಟಳು! ಅಷ್ಟು ತಲೆಮಾರಿನ ಬೆಂಕಿ ಚೊಯ್ಯೆಂದು ಆರಿತು. ಅತ್ತೆ ಎದೆ ಬಡಿದುಕೊಂಡಳು. ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಮಕ್ಕಳು ಹಸಿದು ಅತ್ತವು. ಊರಿಗೆ ಊರೇ ಹಿತ್ತಲಿಗೆ ಬಂತು. ಚಾವಡಿಗೆ ಹೋಗಲಾರದವಳು ಚಾವಡಿಯನ್ನೇ ಮನೆಗೆ ಕರೆಸಿಕೊಂಡಳು ಎಂದು ಈಗಲೂ ಹೇಳುತ್ತಾರೆ.

"ಹೊದಿಕಿ ಹಾಕದೆ ಕೊಟ್ಟಾಕಿ ನಾನು. ತಪ್ಪು ನಂದು," ಎಂದಳು.

ಗೌಡರು ಮೆಲ್ಲಗೆ ನಕ್ಕು, "ಇರಲಿ ಬಿಡವ್ವ, ದೊಡ್ಡ ಮನಿಯಾಕಿ ನೀನು. ಯಾರ ಕೈಲಾದ್ರೂ ಆಗತೈತಿ," ಎಂದರು.

"ಆಕಿ ಕೈಲಾದ್ರ ಶಿಕ್ಷೆ, ನನ್ನ ಕೈಲಾದ್ರ ಇರಲಿ ಬಿಡೇನ್ರಿ ಗೌಡ್ರ?"

ಗೌಡರು ದಾರಿ ಬಿಟ್ಟು ಪಕ್ಕಕ್ಕೆ ಸರಿದರಂತೆ.

ತಾನು ಬೆಂಕಿ ತಪ್ಪಿಸಿದ ಮನೆಯ ಬಾಗಿಲಲ್ಲೇ ಬೇಡಿ ನಿಲ್ಲಬೇಕೆಂದು ಗುರುಸಿದ್ದವ್ವ ಬರಿಯ ಚಿಪ್ಪು ಹಿಡಿದು ಮೇದಾರ ಓಣಿಗೆ ನಡೆದಳು. ಹಿಂದೆ ಊರು ನಡೆಯಿತು. ಹುಲಿಗೆವ್ವ ಬಾಗಿಲಲ್ಲಿ ನಿಂತಿದ್ದಳು. ಆಕೆಯ ಒಲೆಯ ಬೂದಿಯೊಳಗೆ ಕುರುಳಿನ, ಅಂದರೆ ಬೆರಣಿಯ, ಕೆಂಡವೊಂದು ಹೊಗೆಯಿಲ್ಲದೆ ಉಸಿರಾಡುತ್ತಿತ್ತು. ಊರಾಚೆ ಮಂದೆ ಹಾಕಿ, ನಸುಕಿನಲ್ಲೇ ಮುಂದೆ ಹೋಗಿದ್ದ ಕುರುಬರು ಕೊಟ್ಟದ್ದು. ಬೆಂಕಿ ಕೇಳಿದವರ ಹೆಸರು ಕೇಳುವ ರೂಢಿ ಅವರಲ್ಲಿ ಇರಲಿಲ್ಲ. ಕೆಂಡ ಮುಚ್ಚಲು ಬಾರದವಳು ಎಂದು ಊರು ಯಾರನ್ನು ದೂರಿತ್ತೋ, ಆಕೆ ಊರಿಗೆ ಊರೇ ಕಾಣದಂತೆ ಕೆಂಡ ಮುಚ್ಚಿಟ್ಟಿದ್ದಳು. ಈಗ ನೇರಲಕಟ್ಟೆಯಲ್ಲಿ ಉಳಿದಿದ್ದ ಬೆಂಕಿ ಅದೊಂದೇ.

ಗುರುಸಿದ್ದವ್ವ ಚಿಪ್ಪು ಚಾಚಿದಳು. ಹುಲಿಗೆವ್ವ ಕದಲಲಿಲ್ಲ. ಅವಳು ಯಾವ ಮಾತು ಕೇಳಿದಳೋ ಅದನ್ನು ಗುರುಸಿದ್ದವ್ವ ತಲೆ ಬಾಗಿಸಿ ಕೊಟ್ಟಳು. ಆಮೇಲೆ ರಾಚಪ್ಪ ಕೊಟ್ಟ. ಕೊನೆಗೆ ಗೌಡರೂ ಕೊಟ್ಟರು. ಆಗ ಹುಲಿಗೆವ್ವ ತಳಕ್ಕೆ ಬೂದಿ, ಮೇಲೆ ಕೆಂಡ, ಅದರ ಮೇಲೆ ಹೊದಿಕೆ ಹಾಕಿ, ಒಬ್ಬರನ್ನೂ ಬಿಡದೆ ಎಲ್ಲರಿಗೂ ಬೆಂಕಿ ಕೊಟ್ಟಳಂತೆ.

ಅಲ್ಲಿಯವರೆಗೆ ಆ ಊರಿನಲ್ಲಿ ನೀತಿ ಎಂದರೆ ಗೌಡರ ಭಯ. ಭಯವಿಲ್ಲದವರಿಗೆ ನೀತಿಯೂ ಇರಲಿಲ್ಲ. ದೊಡ್ಡವರು ತಮ್ಮ ತಪ್ಪನ್ನು ತಾವೇ ಬಾಗಿಲಿಗೆ ಹೊತ್ತು ತಂದ ದಿನ ನೀತಿ ರೂಢಿಯಾಯಿತು, ರೂಢಿ ಮಕ್ಕಳಿಗೆ ಪಾಠವಾಯಿತು, ಪಾಠ ಮನಸ್ಸಾಕ್ಷಿಯಾಯಿತು ಎಂದು ಹಿರಿಯರು ಹೇಳುತ್ತಾರೆ. ಮನೆತನದ ಗೌರವವೂ ಅಂದಿನಿಂದಲೇ ನಿಜವಾದದ್ದಾಯಿತು.

ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಒಲೆ ಇದೆ. ಆದರೂ ಯುಗಾದಿಯ ಹಿಂದಿನ ದಿನ ಕೆಂಡದ ಮನೆಯಾಕೆ ಒಲೆ ಆರಿಸಿ, ತೊಳೆದ ಚಿಪ್ಪು ಹಿಡಿದು, ತಲೆಯ ಮೇಲೆ ಸೆರಗು ಹೊದ್ದು, ಹೊತ್ತಿಗೆ ಸರಿಯಾಗಿ ಮೇದಾರ ಓಣಿಗೆ ಹೋಗುತ್ತಾಳೆ. ಊರು ಹಿಂದೆ ನಿಂತಿರುತ್ತದೆ. ಯಾರೂ ನಗುವುದಿಲ್ಲ. ಹುಲಿಗೆವ್ವನ ಮನೆಯ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಅಡ್ಡ ನಿಂತು, ಅಂದು ಕೇಳಿದ್ದನ್ನೇ ಕೇಳುತ್ತಾಳೆ:

"ಮೊದಲು ತಪ್ಪಾತು ಅನ್ರಿ."