ಕಣ್ಣಳತೆ ಕೊಟ್ಟು ತಂದ ಗರಗಸ

ಒಂದಾನೊಂದು ಊರಿನಲ್ಲಿ, ಪಕ್ಕದೂರಿಗಿಂತ ಒಂದು ಗೇಣು ಎತ್ತರವಿದ್ದ ಊರಿನಲ್ಲಿ, ಮೋನಪ್ಪಾಚಾರಿ ಎಂಬ ಬಡಗಿ ಇದ್ದ. ಅವನಿಗೆ ಅಜ್ಜನ ಕಾಲದ ಕೈಗರಗಸವಿತ್ತು. ಮಾತಾಡುತ್ತಿತ್ತು, ಆದರೆ ಕಡಿಮೆ. ಎದುರುಮನೆಯ ವೀರಾಚಾರಿಗೆ ಕರೆಂಟಿನ ಗರಗಸವಿತ್ತು. ಊರಿಗೆಲ್ಲ ದುಬಾರಿಯದು. ಅದು ಗುರ್ ಅಂದಾಗಲೆಲ್ಲ ಮೋನಪ್ಪ ಉಣ್ಣುತ್ತಿದ್ದ ಎಲೆ ಬಿಟ್ಟು ಬಾಗಿಲಿಗೆ ಬಂದು ನೋಡುತ್ತಿದ್ದ.

ಸಾಲದ್ದಕ್ಕೆ ದಿನವೂ ಬೆಳಿಗ್ಗೆ ಅರಮನೆಯ ಗಾಡಿ ಬಂದು ವೀರಾಚಾರಿಯನ್ನು ಕರೆದೊಯ್ಯುತ್ತಿತ್ತು.

ಆ ಊರಿನ ರಾಜ ಸಮತಟ್ಟುರಾಯ. ಅವನ ಸಿಂಹಾಸನ ಒಂದು ಅಕ್ಕಿಕಾಳಿನಷ್ಟು ಅಲ್ಲಾಡುತ್ತಿತ್ತು. ವೀರಾಚಾರಿ ಒಂದು ಕಾಲನ್ನು ಚೂರು ಕೊಯ್ದ. ಈಚೆಗೆ ಅಲ್ಲಾಡಿತು. ಮರುದಿನ ಇನ್ನೊಂದು ಕಾಲು ಕೊಯ್ದ. ಆಚೆಗೆ ಅಲ್ಲಾಡಿತು. ಕೊಯ್ತ ಮಾತ್ರ ಬೆಣ್ಣೆಯಂತೆ.

"ನೋಡೇ, ತಿಂಗಳಿಂದ ಒಂದೇ ಸಮ ಕೆಲಸ!" ಅಂದ ಮೋನಪ್ಪ.

"ಒಂದು ಕುರ್ಚಿಗೆ ಒಂದು ತಿಂಗಳೇನ್ರೀ?" ಅಂದಳು ಹೆಂಡತಿ ಕಾಳಮ್ಮ.

"ಅದೇ ಮತ್ತೆ! ನನ್ನ ಗರಗಸಕ್ಕಾದರೆ ಅರ್ಧ ದಿನಕ್ಕೇ ಕೆಲಸ ಮುಗಿದುಹೋಗುತ್ತೆ. ದರಿದ್ರದ್ದು."

ಅವನಿಗೆ ಆಸೆ ಒಂದೇ. ತಾನೂ ಅಂಥದ್ದೇ ತರಬೇಕು, ವೀರ ಒಂದು ದಿನವಾದರೂ ತನ್ನನ್ನು ನೋಡಿ ಉರಿಯಬೇಕು.

ಅಂಗಡಿಗೆ ಹೋದ. ಅಂಗಡಿಯವನು ಎರಡು ಮಿಷನ್ ತೋರಿಸಿದ. "ಇದು ಅಗ್ಗದ್ದು. ನಿಮ್ಮ ಮಧ್ಯಾಹ್ನದ ನಿದ್ದೆ ಕೊಟ್ಟರೆ ಸಾಕು. ಇದು ಮೇಲ್ದರ್ಜೆಯದು. ಇದಕ್ಕೆ ನಿಮ್ಮ ಕಣ್ಣಳತೆ, ಅಂದರೆ ನೋಡಿಯೇ ಅಳೆಯೋ ಶಕ್ತಿ, ಕೊಡಬೇಕು."

"ಬೇಡ ಕಣೋ ಮಗು," ಅಂದಿತು ಕಂಕುಳಲ್ಲಿದ್ದ ಕೈಗರಗಸ.

"ವೀರ ಯಾವುದಕ್ಕೆ ಏನು ಕೊಟ್ಟ?" ಅಂದ ಮೋನಪ್ಪ ಅಂಗಡಿಯವನಿಗೆ.

"ಇದಕ್ಕೆ, ಕಣ್ಣಳತೆ. ಚೌಕಾಸಿಯನ್ನೂ ಮಾಡಲಿಲ್ಲ."

"ಹಾಗಾದರೆ ನಾನೂ ಮಾಡಲ್ಲ. ತಗೊಳ್ಳಿ."

ಅಂಗಡಿಯವನು ಕಣ್ಣಳತೆಯನ್ನು ಶೀಶೆಗೆ ಇಳಿಸಿ ಬಿರಡೆ ಹಾಕಿದ. ಗ್ಯಾರಂಟಿ ಚೀಟಿ ಬರೆದುಕೊಟ್ಟ.

ಮೋನಪ್ಪ ಮನೆಗೂ ಹೋಗದೆ ಮಿಷನ್ನನ್ನು ನೇರ ವೀರಾಚಾರಿಯ ಜಗಲಿಯ ಮೇಲಿಟ್ಟ. "ನೋಡೋ ವೀರ!"

"ಚೆನ್ನಾಗಿದೆ ಅಣ್ಣ."

"ಬರೀ ಚೆನ್ನಾಗಿದೆಯಾ? ನಿನ್ನದಕ್ಕಿಂತ ದೊಡ್ಡದೋ, ಅಲ್ಲವೋ?"

ವೀರ ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಮುಚ್ಚಿ ನೋಡಿದ. "ಹೇಗೆ ಹೇಳಲಿ ಅಣ್ಣ? ಅಳತೆ ಅಂಗಡಿಯಲ್ಲೇ ಉಳೀತಲ್ಲ. ನೀನೇ ಹೇಳು."

ಮೋನಪ್ಪನೂ ನೋಡಿದ. ಅವನಿಗೂ ಗೊತ್ತಾಗಲಿಲ್ಲ.

ಮರುದಿನ ಗಾಡಿ ಇಬ್ಬರನ್ನೂ ಕರೆದೊಯ್ದಿತು. ಈಗ ಕೆಲಸ ಎರಡರಷ್ಟು ಬಿರುಸು. ಊಟದ ಹೊತ್ತಿಗೆ ಸಿಂಹಾಸನಕ್ಕೆ ಕಾಲೇ ಇರಲಿಲ್ಲ. ರಾಜ ನೆಲಕ್ಕೆ ಅಂಟಿಕೊಂಡಂತೆ ಕುಳಿತ.

"ಇನ್ನೂ ಅಲ್ಲಾಡ್ತಿದೆ. ಅಂದರೆ ಸಿಂಹಾಸನದ ತಪ್ಪಲ್ಲ, ಊರೇ ಒಂದು ಕಡೆ ಎತ್ತರ. ಕೊಯ್ಯಿರಿ."

ಊರನ್ನು ಕೊಯ್ದರು. ಈಚೆಗೆ ವಾಲಿತು. ಆಚೆ ಕೊಯ್ದರು. ಆಚೆಗೆ ವಾಲಿತು. ಮಜ್ಜಿಗೆ ಬಡಿಸಿದರೆ ಪಕ್ಕದ ಮನೆಯವರ ಎಲೆಗೆ ಹರಿಯಿತು. ಹಸುಗಳು ನಿಂತಲ್ಲಿಂದಲೇ ಜಾರಿ ಸಂತೆ ತಲುಪಿದವು. ನೋಡನೋಡುತ್ತಾ ಊರು ಪಕ್ಕದೂರಿಗಿಂತ ಒಂದು ಗೇಣು ಕೆಳಗಾಯಿತು.

ಆಗ ಕಾಳಮ್ಮ ಕೈಗರಗಸ ಹಿಡಿದು ಅರಮನೆಗೆ ನಡೆದಳು. ಒಂದು ಕಣ್ಣು ಮುಚ್ಚಿ ಸಿಂಹಾಸನವನ್ನು ನೋಡಿದಳು. ಕೆಳಗೆ ಬಿದ್ದಿದ್ದ ಕಾಲಿನ ತುಂಡೊಂದರಿಂದ ಅಕ್ಕಿಕಾಳು ದಪ್ಪದ ಒಂದು ಚಕ್ಕೆ ಕೊಯ್ದಳು. "ಸ್ವಲ್ಪ ಏಳಿ ಬುದ್ಧಿ," ಅಂದು ಅದನ್ನು ಸಿಂಹಾಸನದ ಎಡಮೂಲೆಯ ಅಡಿಗೆ ತುರುಕಿದಳು.

ರಾಜ ಕುಳಿತ. ಅಲ್ಲಾಡಲಿಲ್ಲ. ಊರು ವಾಲಿಯೇ ಇತ್ತು, ಆದರೆ ಅದರ ಮೇಲೆ ರಾಜ ಕೂರುತ್ತಿರಲಿಲ್ಲವಲ್ಲ.

ಕಾಳಮ್ಮ ಆಸ್ಥಾನದ ಬಡಗಿಯಾದಳು. ಅಂದಿನಿಂದ ಅರಮನೆಯ ಗಾಡಿ ಅವಳೊಬ್ಬಳಿಗೇ ಬರತೊಡಗಿತು. ಮೋನಪ್ಪ, ವೀರ ಇಬ್ಬರೂ ಮಿಷನ್ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತು ನೋಡುತ್ತಿದ್ದರು.

"ಹೊಟ್ಟೆ ಉರಿಸಿಕೊಳ್ಳಬೇಕು ಅನ್ನಿಸ್ತಿದೆ ಕಣೋ," ಅಂದ ಮೋನಪ್ಪ.

"ಉರಿಸಿಕೋ ಅಣ್ಣ, ಯಾರು ಬೇಡ ಅಂದೋರು?"

"ಎಷ್ಟು ಅಂತ? ಒಂದು ಚಮಚದಷ್ಟೋ, ಒಂದು ಹಂಡೆಯಷ್ಟೋ?"

ಇಬ್ಬರಿಗೂ ಅಂದಾಜು ಸಿಗಲಿಲ್ಲ.

ದುಬಾರಿ ಮಿಷನ್ ಕೊಟ್ಟ ಬೆಲೆಗೆ ತಕ್ಕದ್ದೋ ಅಲ್ಲವೋ ಎಂದು ಕೇಳುತ್ತೀರಿ. ತಕ್ಕದ್ದೇ. ಕೊಂಡ ಮೇಲೆ ಹಾಗಲ್ಲ ಎಂದು ಅಳೆದು ಹೇಳಿದವರು ಒಬ್ಬರೂ ಇಲ್ಲ.

ಕತೆ ಇಲ್ಲಿಗೆ ಮುಗಿಯಿತು. ಗ್ಯಾರಂಟಿ ಇನ್ನೂ ಎರಡು ವರ್ಷ ಇದೆ.